ಕಿಟಕಿ ಪಕ್ಕದ ಗಿರಾಕಿ

ಹೋಟೆಲಿನ ಮಾಲೀಕ ಅವನನ್ನು ಒಳಗೆ ಯಾವುದಾದರೂ ಮೂಲೆಯಲ್ಲಿ ಕೂರಿಸಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಕೊಟ್ಟದ್ದೇ ತಾಪತ್ರಯಕ್ಕೆ ಮೂಲವಾಯಿತು.

"ನಿಮ್ಮ ಮುಖದಲ್ಲಿ ಉಂಡ ಕಳೆ ಇದೆ. ರಸ್ತೆಗೆ ಕಾಣೋ ಹಾಗೆ ಕೂತ್ಕೊಳ್ಳಿ," ಎಂದಿದ್ದ ಮಾಲೀಕ.

ಸಾಬೂನು ಕಾರ್ಖಾನೆಯಲ್ಲಿ ಗೋದಾಮಿನ ಸೂಪರ್‌ವೈಸರ್ ಆಗಿದ್ದಾಗ ಬೆಳೆಸಿಕೊಂಡ ಕೆನ್ನೆಗಳು ಅವು. ಕಾರ್ಖಾನೆ ಮುಚ್ಚಿ ತಿಂಗಳುಗಳೇ ಆಗಿದ್ದರೂ ಕೆನ್ನೆಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಬೀದಿಯವರಿಗೆ ಮಾತ್ರ ಅವತ್ತೇ ಮುಟ್ಟಿತ್ತು. ಮೊದಲು ಅವನನ್ನು ಮಾಜಿ ಸೂಪರ್‌ವೈಸರ್ ಎಂದರು. ಅಷ್ಟುದ್ದ ಯಾಕೆಂದು ಆಮೇಲೆ ಬರೀ ಮಾಜಿ ಎಂದರು. ಈಗ ಹಾಲು ಹಾಕುವವನೂ ಹಾಗೇ ಕರೆಯುತ್ತಿದ್ದ.

ಈ ಮಾಲೀಕ ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದವನು. ಉಳಿಸಿದ್ದನ್ನೆಲ್ಲ ಸುರಿದು, ಹಳೆಯ ಪಾತ್ರೆ ಅಂಗಡಿಯ ಜಾಗದಲ್ಲಿ ಸುಶಿ ಹೋಟೆಲು ತೆರೆದಿದ್ದ. ಅಡುಗೆಮನೆಯಿಂದ ಹೊರಡುವ ಒಂದು ಬೆಲ್ಟು ಮೇಜುಗಳನ್ನೆಲ್ಲ ಬಳಸಿಕೊಂಡು ಮತ್ತೆ ಅಡುಗೆಮನೆ ಸೇರುತ್ತಿತ್ತು. ಅದರ ಮೇಲೆ ಪುಟ್ಟ ಪುಟ್ಟ ತಟ್ಟೆಗಳು ಮೆರವಣಿಗೆ ಹೊರಟಿರುತ್ತಿದ್ದವು. ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬೇಕು. ಊರಿನವರು ಗಾಜಿನ ಆಚೆ ನಿಂತು ನೋಡಿದರು. "ಹಸಿ ಮೀನಂತೆ. ಪಾಪ, ಗ್ಯಾಸ್ ಸಿಕ್ಕಿಲ್ವೇನೋ," ಎಂದುಕೊಂಡು ಮುಂದೆ ಹೋದರು. ಎರಡು ತಿಂಗಳು ತಟ್ಟೆಗಳು ಖಾಲಿ ಕುರ್ಚಿಗಳಿಗೆ ಪ್ರದಕ್ಷಿಣೆ ಹಾಕಿದವು.

ಕೆಲಸ ಕೇಳಿಕೊಂಡು ಹೋದ ಮಾಜಿಗೆ ಮಾಲೀಕ ಹಿಂಬಾಗಿಲಲ್ಲೇ ನಿಂತು ವಿಷಯ ಬಿಡಿಸಿ ಹೇಳಿದ.

"ಖಾಲಿ ಹೋಟೆಲ್ ನೋಡಿ ಯಾರೂ ಒಳಗೆ ಬರಲ್ಲ. ಅದಕ್ಕೇ ನೀವು ಗಿರಾಕಿ ಥರ ಕೂತ್ಕೋಬೇಕು. ನಗ್ತಾ ತಿನ್ಬೇಕು. ದಿನಗೂಲಿ ಕೊಡ್ತೀನಿ."

"ತಿನ್ನೋಕೆ ಕೂಲಿನಾ?"

"ತಿನ್ನೋದು ಅಂದ್ರೆ ಒಂದೇ ತಟ್ಟೆ. ನೀಲಿ ತಟ್ಟೇಲಿ ಸೌತೆಕಾಯಿ ಸುತ್ತಿದ್ದು ಇರುತ್ತೆ, ಅದು ಬಾಗಿಲು ಹಾಕೋವರೆಗೂ ಬರ್ಬೇಕು. ಚಹಾ ಎಷ್ಟು ಬೇಕಾದ್ರೂ ಕುಡೀರಿ. ಬೇರೆ ತಟ್ಟೆ ಎತ್ತಿದ್ರೆ ಕೂಲೀಲಿ ಮುರ್ಕೋತೀನಿ. ಎತ್ತಿದ್ದನ್ನ ವಾಪಸ್ ಇಡೋ ಹಾಗಿಲ್ಲ, ಒಬ್ರ ಕೈ ತಾಗಿದ್ದನ್ನ ನಾನು ಇನ್ನೊಬ್ರಿಗೆ ಕೊಡಲ್ಲ. ಕೂಲಿಗೆ ಕೂತಿದೀರಿ ಅನ್ನೋದು ಮಾತ್ರ ನಿಮ್ಮ ಹೆಂಡತಿಗೂ ಗೊತ್ತಾಗ್ಬಾರ್ದು."

ಮಾಜಿ ಮುಖ ಹುಳ್ಳಗೆ ಮಾಡಿಕೊಂಡ. ಮಾಲೀಕ ದನಿ ತಗ್ಗಿಸಿದ.

"ಇವತ್ತು ಒಂದಿನ ಚೆನ್ನಾಗಿ ಕೂತ್ಕೊಳ್ಳಿ. ನಾಳೆಯಿಂದ ಸ್ಟೋರ್ ನಿಮ್ಮ ಕೈಗೆ ಕೊಡ್ತೀನಿ. ಮೇಜು, ಕುರ್ಚಿ, ಬೀಗದ ಕೈ, ತಿಂಗಳ ಸಂಬಳ."

ಬೀಗದ ಕೈ ಎಂಬ ಮಾತು ಮಾಜಿಯ ಎದೆಗೆ ನೇರವಾಗಿ ಹೋಯಿತು. ಕಾರ್ಖಾನೆಯಲ್ಲಿ ಹದಿನಾರು ವರ್ಷ ಅವನ ಸೊಂಟದಲ್ಲಿ ಗೊಂಚಲು ಜೋತಾಡುತ್ತಿತ್ತು. ಈಗ ಮನೆಯ ಬೀಗದ ಕೈಯನ್ನೂ ಹೆಂಡತಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು, ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ ಎಂದು. ಅವಳಿಗೆ ಇಂಟರ್‌ವ್ಯೂ ಇದೆ ಎಂದಷ್ಟೇ ಹೇಳಿ ಬಂದಿದ್ದ. ಸಂಜೆ ಹೋಗಿ "ಕೆಲಸ ಸಿಕ್ತು" ಎನ್ನುವ ಎರಡು ಮಾತಿಗಾಗಿ ಅವನು ಹಸಿ ಮೀನಲ್ಲ, ಹಸಿ ಮೊಸಳೆಯನ್ನೂ ತಿನ್ನಲು ತಯಾರಿದ್ದ.

ಒಳಗೆ ಆಗಲೇ ಒಂದಷ್ಟು ಜನ ಕೂತಿದ್ದರು. ಕಪ್ಪು ಕನ್ನಡಕದ ಹೆಂಗಸೊಬ್ಬಳು ತಟ್ಟೆಯನ್ನು ಫೋಟೋ ತೆಗೆಯುತ್ತಿದ್ದಳು. ಅವಳ ಹಿಂದೆ, ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ತರರು ಪೇಪರು ಹರಡಿಕೊಂಡಿದ್ದರು. ಇಷ್ಟು ಜನ ದುಡ್ಡುಳ್ಳವರ ನಡುವೆ ತಾನೊಬ್ಬನೇ ಸುಳ್ಳು ಗಿರಾಕಿ ಎಂದು ಮಾಜಿಗೆ ನಾಚಿಕೆಯಾಯಿತು.

"ಓಹೋ, ಮಾಜಿಯವರು," ಎಂದರು ಹೆಡ್‌ಮಾಸ್ತರರು ಕನ್ನಡಕದ ಮೇಲಿನಿಂದ. "ಇಂಥ ಕಡೆಗೆಲ್ಲ ಬರ್ತೀರಾ?"

"ಆಗಾಗ, ಸಾರ್. ಬಾಯಿ ರುಚಿಗೆ."

"ಕಾರ್ಖಾನೆಯವರು ಕೊನೆಗೂ ಏನೋ ಕೊಟ್ರು ಅನ್ನಿ. ಒಳ್ಳೇದಾಯ್ತು. ಎಲ್ಲರಿಗೂ ಹೇಳ್ತೀನಿ."

ಎಲ್ಲರಿಗೂ ಹೇಳುವುದರಲ್ಲಿ ಮಾಸ್ತರರನ್ನು ಮೀರಿಸುವವರಿರಲಿಲ್ಲ. ಮಾಜಿ ಒಂದು ಸೌತೆಕಾಯಿ ತುಣುಕನ್ನು ತಿನ್ನಲು ಕೊಟ್ಟ ಎರಡು ಕಡ್ಡಿಗಳ ನಡುವೆ ಹಿಡಿಯಲು ಹೋದ. ಅದು ಜಾರಿ ಚಹಾದೊಳಗೆ ಬಿತ್ತು. ಸುತ್ತ ನೋಡಿ, ಬೆರಳು ಹಾಕಿ ತೆಗೆದು, ರಸ್ತೆಯ ಕಡೆ ನಗುತ್ತಾ ಬಾಯಿಗಿಟ್ಟುಕೊಂಡ.

ಆಗಲೇ ಕಿಟಕಿಯ ಆಚೆ ಭಾವಮೈದುನ ಕಾಣಿಸಿಕೊಂಡ.

ಹೆಂಡತಿಯ ಈ ತಮ್ಮನಿಗೆ ಸೈಟುಗಳ ವ್ಯವಹಾರ. ಕಾರಿನ ಕೀಲಿಯನ್ನು ಬೆರಳಿನಲ್ಲಿ ಗಿರ್ರೆಂದು ತಿರುಗಿಸದೆ ಮಾತಾಡಿದವನಲ್ಲ. ಕಾರು ಮಾತ್ರ ಬಹಳ ದಿನದಿಂದ ಸರ್ವಿಸಿಗೆ ಹೋಗಿತ್ತು. ಭಾನುವಾರ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದು, "ಭಾವ, ನಿಮಗೆ ಕೆಲಸ ಸಿಗ್ತಿಲ್ಲ ಅಂತಲ್ಲ, ಮಾಡೋ ಮನಸ್ಸಿಲ್ಲ," ಎಂದು ಉಪದೇಶ ಮಾಡುತ್ತಿದ್ದ. ಅಕ್ಕ ಹೌದೆಂದು ತಲೆಯಾಡಿಸಿ ಅವನಿಗೇ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಗಾಜಿನ ಆಚೆಯಿಂದ ಭಾವನನ್ನು ಕಂಡು ಅವನ ಮುಖ ಒಂದು ಗಳಿಗೆ ಇಳಿಯಿತು. ಹೊಟ್ಟೆಕಿಚ್ಚು ಎಂದುಕೊಂಡ ಮಾಜಿಗೆ ತಿಂಗಳುಗಳ ನಂತರ ಸ್ವಲ್ಪ ಸುಖವೆನಿಸಿತು. ಅಷ್ಟರಲ್ಲಿ ಭಾವಮೈದುನ ನಗೆ ತಂದುಕೊಂಡು ಒಳಗೆ ಬಂದ. ಮಾಲೀಕ ಅಡುಗೆಮನೆಯಿಂದಲೇ ಅವನಿಗೆ ತಲೆಯಾಡಿಸಿದ. ಇಲ್ಲೂ ಇವನ ಪರಿಚಯವಿದೆಯಲ್ಲ ಎಂದು ಮಾಜಿಗೆ ಆ ಸುಖವೂ ಹೋಯಿತು.

"ಇದೇನು ಭಾವ, ಸೌತೆಕಾಯಿ?" ಎದುರಿನ ಕುರ್ಚಿ ಎಳೆದುಕೊಳ್ಳುತ್ತಾ ಭಾವಮೈದುನ ಗಟ್ಟಿಯಾಗಿಯೇ ಕೇಳಿದ. "ಸುಶಿ ಹೋಟೆಲ್‌ಗೆ ಬಂದು ಯಾರಾದ್ರೂ ಸೌತೆಕಾಯಿ ತಿಂತಾರಾ?"

ಮಾಸ್ತರರ ಪೇಪರು ಕೆಳಗಿಳಿಯಿತು. ಕಪ್ಪು ಕನ್ನಡಕವೂ ಇತ್ತ ತಿರುಗಿತು. ಮಾಜಿಯ ಕೈ ಅವನದೇ ಅಪ್ಪಣೆ ಕೇಳದೆ ಬೆಲ್ಟಿನತ್ತ ಹೋಗಿ ಮೀನಿದ್ದ ಒಂದು ಕೆಂಪು ತಟ್ಟೆ ಎತ್ತಿಬಿಟ್ಟಿತು. ಮರುಕ್ಷಣವೇ ವಾಪಸ್ ಇಡೋಣವೆಂದು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಮಾಲೀಕ ತೋರುಬೆರಳನ್ನು ಆಚೀಚೆ ಆಡಿಸಿದ.

"ಸೌತೆಕಾಯಿ ಬರೀ ಶುರುವಿಗೆ," ಎಂದ ಮಾಜಿ.

ಮೀನು ನುಂಗಿದರೆ ಒದ್ದೆ ಕರವಸ್ತ್ರ ನುಂಗಿದ ಹಾಗಿತ್ತು. ಭಾವಮೈದುನ ಅದನ್ನೇ ನೋಡುತ್ತಿದ್ದು, ಸ್ವಲ್ಪ ತಡೆದು, ತಾನೂ ಒಂದು ಕೆಂಪು ತಟ್ಟೆ ತೆಗೆದುಕೊಂಡ. ಅಲ್ಲಿಂದ ಶುರುವಾಯಿತು. ಇವನು ಸೀಗಡಿ ಎತ್ತಿದರೆ ಅವನು ಏಡಿ ಎತ್ತಿದ. ಅವನು ಬಂಗಾರದ ಅಂಚಿನ ತಟ್ಟೆ ಎತ್ತಿದರೆ ಇವನು ಅದಕ್ಕಿಂತ ಅಗಲವಾದ ಬಂಗಾರದ ಅಂಚಿಗೆ ಕಾದು ಕೂತ. ಕೂಲಿ ಹೋಗಿದೆ ಎಂದು ಮಾಜಿಗೆ ಗೊತ್ತಿತ್ತು. ಹೋದರೆ ಹೋಗಲಿ, ನಾಳೆಯ ಬೀಗದ ಕೈ ಉಳಿದರೆ ಸಾಕು ಎಂದು ಹಲ್ಲು ಕಚ್ಚಿದ.

"ಮಾಸ್ತರೇ, ನೀವೂ ಒಂದು ಬಂಗಾರದ್ದು ತಗೊಳ್ಳಿ," ಎಂದ ಭಾವಮೈದುನ.

ಮಾಸ್ತರರು ಗಾಬರಿಯಿಂದ ತಮ್ಮ ನೀಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೇಡಪ್ಪ. ನನಗೆ ಡಾಕ್ಟರು ಸೌತೆಕಾಯಿನೇ ಹೇಳಿರೋದು."

ತಟ್ಟೆಯ ಮೂಲೆಯಲ್ಲಿ ಹಸಿರು ಮುದ್ದೆಯೊಂದಿತ್ತು. ಅಲಂಕಾರಕ್ಕೆ ಇಟ್ಟದ್ದನ್ನೂ ಬಿಡದೆ ತಿನ್ನುವವನೇ ಪಳಗಿದ ಗಿರಾಕಿ ಎಂದುಕೊಂಡು ಮಾಜಿ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಖಾರ ಮೂಗಿನಲ್ಲಿ ಹತ್ತಿ ನೆತ್ತಿಯಲ್ಲಿ ಕೂತಿತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಅಳುವುದಕ್ಕೆ ಇಷ್ಟು ಒಳ್ಳೆಯ ನೆಪ ಅವನಿಗೆ ಕಾರ್ಖಾನೆ ಮುಚ್ಚಿದ ದಿನವೂ ಸಿಕ್ಕಿರಲಿಲ್ಲ. ಹಾಗಾಗಿ ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ಅತ್ತ.

"ಏನಾಯ್ತು ಭಾವ?"

"ರುಚಿ," ಎಂದ ಮಾಜಿ, ಮೂಗು ಒರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಕಿಟಕಿಗೆ ಮುಖವಿಟ್ಟರು. ಮಾಲೀಕ ಒಳಗಿನಿಂದ ಕೈಸನ್ನೆ ಮಾಡಿದ. ಮಾಜಿ ಕಣ್ಣೀರಿನಲ್ಲೇ ನಕ್ಕ. ಭಾವಮೈದುನನೂ ಯಾಕೋ ನಕ್ಕ. ಮಾಸ್ತರರು ಹಲ್ಲುಸೆಟ್ಟು ಕಾಣುವಂತೆ ನಕ್ಕರು. ಹೊರಗಿನ ಹೆಂಗಸು ಗಾಜಿನಲ್ಲಿ ತಲೆ ಬಾಚಿಕೊಂಡಳು, ಗಂಡಸು ಹಲ್ಲಿನಲ್ಲಿ ಸಿಕ್ಕಿದ್ದೇನನ್ನೋ ತೆಗೆದ. ಇಬ್ಬರೂ ಹೊರಟುಹೋದರು.

ಬಾಗಿಲು ಹಾಕುವ ಹೊತ್ತು ಹತ್ತಿರ ಬಂದರೂ ಭಾವಮೈದುನ ಏಳುವ ಲಕ್ಷಣ ಕಾಣಲಿಲ್ಲ. ಅವನೆದುರು ಬಿಲ್ಲು ಕೊಡದೆ ಹೋಗುವಂತಿಲ್ಲ, ಕೊಡಲು ಜೇಬಿನಲ್ಲಿ ಏನೂ ಇಲ್ಲ. ಮಾಜಿ ಚಹಾ ಕುಡಿದ. ಅವನೂ ಕುಡಿದ. ಕುಡಿದ ಚಹಾ ತನ್ನ ದಾರಿ ಹುಡುಕತೊಡಗಿತು. ಇಬ್ಬರೂ ಕಾಲ ಮೇಲೆ ಕಾಲು ಹಾಕಿ, ಮತ್ತೆ ಬದಲಾಯಿಸಿ, ಸೈಟುಗಳ ಬೆಲೆ ಏರುವ ಬಗ್ಗೆ ಮಾತಾಡಿದರು. ಕೈ ತೊಳೆಯಲು ಹೋದ ಮಾಸ್ತರರು ವಾಪಸ್ ಬರಲಿಲ್ಲ. ಕಪ್ಪು ಕನ್ನಡಕವೂ ಕೈ ತೊಳೆಯಲು ಹೋಯಿತು.

ಕೊನೆಗೆ ಭಾವಮೈದುನನೇ ಸೋತ. "ಭಾವ, ನೀವು ಹೊರಡಿ. ನಾನು ಕೈ ತೊಳ್ಕೊಂಡು, ಬಿಲ್ ನೋಡ್ಕೊಂಡು ಬರ್ತೀನಿ."

"ಛೆ, ನೀನ್ಯಾಕೆ ಕೊಡ್ತೀಯ," ಎಂದು ಒಂದೇ ಒಂದು ಸಲ ಹೇಳಿ ಮಾಜಿ ಹೊರಗೆ ಜಿಗಿದ. ದೇವರು ಕಣ್ಣು ಬಿಟ್ಟ ಎಂದುಕೊಂಡು, ಸಂದಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಮುಗಿಸಿ, ಬೀಗದ ಕೈಗಾಗಿ ಹಿಂಬಾಗಿಲಿಗೆ ಬಂದ.

ಅಲ್ಲಿ ಸಾಲು ನಿಂತಿತ್ತು. ಮುಂದೆ ಹೆಡ್‌ಮಾಸ್ತರರು. ಅವರ ಹಿಂದೆ ಕಪ್ಪು ಕನ್ನಡಕದ ಹೆಂಗಸು, ಬೆಳಿಗ್ಗೆಯಿಂದ ಕೂತಿದ್ದ ಉಳಿದ ಸಾಹುಕಾರರು. ಎಲ್ಲರ ಕೊನೆಗೆ ಭಾವಮೈದುನ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾಜಿ ಹೋಗಿ ಭಾವಮೈದುನನ ಹಿಂದೆ ನಿಂತ.

"ಸೈಟು?" ಎಂದು ಕೇಳಿದ.

"ಒಂದೂ ಹೋಗಿಲ್ಲ ಭಾವ. ಕಾರೂ ಮಾರಿಯಾಯ್ತು." ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಇವತ್ತು ಚೆನ್ನಾಗಿ ಕೂತ್ರೆ ನಾಳೆಯಿಂದ ಸ್ಟೋರ್ ನನ್ನ ಕೈಗೆ ಅಂದಿದ್ರು."

ಮುಂದೆ ನಿಂತಿದ್ದ ಮಾಸ್ತರರು ತಿರುಗಿ ನೋಡಿದರು. ಹೆಂಗಸೂ ಕನ್ನಡಕ ತೆಗೆದು ನೋಡಿದಳು. ಅದೇ ಸ್ಟೋರು, ಅದೇ ಬೀಗದ ಕೈಯ ಮಾತು ಅವರಿಗೂ ಸಿಕ್ಕಿತ್ತು.

ಮಾಲೀಕ ಅವರಿಗೆಲ್ಲ ಕೂಲಿ ಕೊಟ್ಟು, ನಾಳೆಯಿಂದ ಬರಬೇಡಿ ಎಂದು ಕಳಿಸಿದ. ಇವರಿಬ್ಬರ ಸರದಿ ಬಂದಾಗ ಕೂಲಿಯ ಡಬ್ಬ ಮುಚ್ಚಿ ಕೈ ಮುಗಿದ. ಅವನ ಕಣ್ಣು ತುಂಬಿತ್ತು.

"ಎರಡು ತಿಂಗಳಾಯ್ತು ಸ್ವಾಮಿ. ಈ ಊರಲ್ಲಿ ನನ್ನ ಕೈಯಡುಗೆಯನ್ನ ತಮ್ಮ ದುಡ್ಡಲ್ಲಿ ತಿಂದವರು ನೀವಿಬ್ಬರೇ."

"ಆ ಸ್ಟೋರ್ ಕೆಲಸ..." ಎಂದು ಮಾಜಿ ಶುರುಮಾಡಿದ.

"ಇಲ್ಲ ಅಂತೀನಾ? ಇಬ್ರೂ ನಾಳೆ ಬನ್ನಿ, ಹೀಗೇ ಎದುರುಬದುರು ಕೂತ್ಕೊಳ್ಳಿ. ತಿಂಗಳ ಕೊನೆಗೆ ಯಾರ ತಟ್ಟೆ ಜಾಸ್ತಿ ಆಗಿರುತ್ತೋ ಅವರಿಗೆ ಬೀಗದ ಕೈ."

ಇಬ್ಬರೂ ಸಂದಿಯಿಂದ ಹೊರಗೆ ಬಂದರು. ಮಾಜಿಯ ಹೊಟ್ಟೆ ಮೀನಿನಿಂದ ಬಿರಿಯುತ್ತಿತ್ತು, ಜೇಬು ಬೆಳಿಗ್ಗೆ ಇದ್ದ ಹಾಗೇ ಇತ್ತು. ಫೋನು ಹೊಡೆದುಕೊಂಡಿತು. ಹೆಂಡತಿ.

"ಏನಾಯ್ತು ಇಂಟರ್‌ವ್ಯೂ?"

"ಇನ್ನೂ ತೀರ್ಮಾನ ಆಗಿಲ್ಲ. ಪೈಪೋಟಿಗೆ ಇನ್ನೊಬ್ಬ ಇದಾನೆ."

"ಯಾರವನು?"

ಮಾಜಿ ಪಕ್ಕಕ್ಕೆ ನೋಡಿದ. ಭಾವಮೈದುನ ನೆಲ ನೋಡುತ್ತಾ ನಿಂತಿದ್ದ.

"ಯಾರೋ. ನನ್ನಂಥವನೇ ಒಬ್ಬ."

"ನಿಮ್ಮ ಕೈಲಿ ಆಗೋ ಮಾತಲ್ಲ ಬಿಡಿ," ಎಂದಳು ಹೆಂಡತಿ. "ನನ್ನ ತಮ್ಮನಿಗೆ ಹೇಳ್ತೀನಿ. ಅವನು ಒಂದು ಮಾತು ಹಾಕಿದ್ರೆ ಅಂಥವರೆಲ್ಲ ಬಾಲ ಮುದುರ್ಕೊಂಡು ಹೋಗ್ತಾರೆ."

ಮಾಜಿ ಬೇಡವೆನ್ನುವಷ್ಟರಲ್ಲಿ ಅವಳು ಫೋನಿಟ್ಟಳು. ಪಕ್ಕದಲ್ಲಿ ಭಾವಮೈದುನನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.