ನಮ್ಮ ಪಡಸಾಲೆಯಲ್ಲಿ ಹೆಡೆಯೆತ್ತಿದ ನಾಲ್ಕು ಟೈಲ್ಸುಗಳಿಗೆ

ಸಿಂಧನೂರು, ೧೯೯೬

ಮಾನ್ಯರೇ,

ತಮ್ಮ ನುಣುಪಾದ ಮೈಗೆ, ಅದರ ಮೇಲೆ ಹರಿಯುವ ಹಾಲಿಗೆ, ಆ ಹಾಲಿಗೆ ಮುತ್ತಿದ ಇರುವೆಗಳಿಗೂ ಸೇರಿಸಿ, ಹೆಸರಿಗಷ್ಟೇ ಈ ಮನೆಯ ಯಜಮಾನನಾಗಿ ಉಳಿದಿರುವ ರೈಸ್ ಮಿಲ್ಲಿನ ಗುಮಾಸ್ತ ವೆಂಕೋಬನ ಅನಂತ ನಮಸ್ಕಾರಗಳು. ತಮ್ಮ ವಿಷಯದಲ್ಲಿ ಮನೆಯೊಳಗೆ ನನ್ನ ಮಾತು ಕೇಳುವವರು ಯಾರೂ ಇಲ್ಲವಾದ್ದರಿಂದ ನೇರ ತಮಗೇ ಬರೆಯುವ ಧೈರ್ಯ ಮಾಡಿದ್ದೇನೆ.

ತಾವು ಮರೆತಿರಬಹುದು, ಲಿಂಗಸುಗೂರಿನ ಅಂಗಡಿಯಲ್ಲಿ ತಾವು ಕೇವಲ ಒಂದು ಎಲೆಯಾಗಿದ್ದಿರಿ. ನಮ್ಮ ಮಗಳು ಯಮನಮ್ಮನನ್ನು ನೋಡಲು ಮಸ್ಕಿಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದವರು ನಮ್ಮ ಒಡಕು ಪರ್ಸಿಕಲ್ಲಿನ ನೆಲ ನೋಡಿಯೇ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರಿಂದ, ಈ ಸಂಬಂಧವಾದರೂ ಕೂಡಿಬರಲೆಂದು ಪಡಸಾಲೆಗೆ ಟೈಲ್ಸ್ ಹಾಕಿಸಲು ಹೊರಟಿದ್ದೆ. ಹೆಂಡತಿ ಆದಮ್ಮ ಕೆಂಪು ಬಣ್ಣ ಎಂದಳು, ಅವ್ವ ತಿಮ್ಮವ್ವ ಪರ್ಸಿಯೇ ಕಾಲಿಗೆ ತಂಪು ಎಂದಳು. ನಾನು ಇಬ್ಬರ ಮಾತನ್ನೂ ಕೇಳದೆ, ಸುತ್ತೆಲ್ಲ ಸಾದಾ ಬಿಳಿ, ನಟ್ಟನಡುವೆ ಮಾತ್ರ ನಾಲ್ಕು ಕೂಡಿ ಒಂದು ದೊಡ್ಡ ಹಸಿರೆಲೆಯಾಗುವ ತಮ್ಮನ್ನೇ ಆರಿಸಿ, ಬಸ್ಸಿನ ಕುಲುಕಾಟಕ್ಕೆ ಒಡೆಯದಂತೆ ತೊಡೆಯ ಮೇಲಿಟ್ಟುಕೊಂಡು ಹಸುಗೂಸಿನಂತೆ ಕರೆತಂದೆ.

ಎಲೆಯ ತೊಟ್ಟು ಬೀದಿಯ ಕಡೆ ಇರಲೆಂದು ಗೌಂಡಿ ತಾಯಪ್ಪನಿಗೆ ಹೇಳಿ ನಾನು ಮಿಲ್ಲಿಗೆ ಹೋದದ್ದೇ ತಡ, ಆ ಪುಣ್ಯಾತ್ಮ ಅದನ್ನು ಅಡುಗೆಮನೆಯ ಕಡೆ ತಿರುಗಿಸಿ ಕೂರಿಸಿಬಿಟ್ಟ. ಒಳಗಿನಿಂದ ಬಂದ ಅವ್ವನಿಗೆ ತಮ್ಮ ಡೊಂಕು ತೊಟ್ಟು ಹಾವಿನ ಮೈಯಾಗಿ, ಅಗಲವಾದ ಎಲೆ ಹೆಡೆಯಾಗಿ ಕಂಡಿತು. “ಯವ್ವಾ, ನಾಗಪ್ಪ ಮೂಡ್ಯಾನ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವಳೇ, ಸಿಮೆಂಟು ಒಣಗುವ ಮೊದಲೇ ಅರಿಷಿಣ ಕುಂಕುಮ ಹಚ್ಚಿ ಹಾಲೆರೆದಳು. ಸಂಜೆ ಬಂದು, ಕಿತ್ತು ತಿರುಗಿಸಪ್ಪಾ ಎಂದರೆ ತಾಯಪ್ಪ, “ನಾ ಒಲ್ಲೆರೀ, ನನಗೂ ಮಕ್ಕಳದಾವ್ರೀ” ಎಂದು ಕೈಮುಗಿದು ಹೋದವನು ಇನ್ನೂ ಈ ಕಡೆ ತಲೆ ಹಾಕಿಲ್ಲ.

ಅಲ್ಲಿಂದ ಮುಂದೆ ತಮ್ಮ ವೈಭವ ಏನೆಂದು ಹೇಳಲಿ! ಓಣಿಯ ಹೆಂಗಸರೆಲ್ಲ ಗಿಂಡಿ ಹಿಡಿದು ಬಂದರು, ದಢೇಸುಗೂರಿನಿಂದಲೂ ಆಟೋ ಮಾಡಿಕೊಂಡು ಬಂದರು. ನನ್ನ ಚಹಾಕ್ಕೆ ಮಾತ್ರ ಹಾಲಿಲ್ಲ. ತಮ್ಮ ಸುತ್ತ ಬರೆದ ರಂಗೋಲಿಯನ್ನು ಅವ್ವ ದಿನಕ್ಕಿಷ್ಟು ಹಿಗ್ಗಿಸುತ್ತ ಬಂದದ್ದರಿಂದ, ನಾವು ಮನೆಯವರೆಲ್ಲ ಗೋಡೆಗೆ ಬೆನ್ನು ಹಚ್ಚಿ ಏಡಿಯಂತೆ ಅಡ್ಡಡ್ಡ ನಡೆಯುವುದನ್ನು ಕಲಿತೆವು. ತಾವು ದಯಮಾಡಿ ತಾವಾಗಿಯೇ ಎದ್ದು ಗೋಡೆಗೆ ಹತ್ತಬೇಕು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಬೇಡಿಕೊಂಡೆ. ಆಗದಿದ್ದರೆ ಗಂಡಿನವರು ಬಂದುಹೋಗುವಷ್ಟು ಹೊತ್ತಾದರೂ ಮತ್ತೆ ಎಲೆಯಾಗಿರಿ ಎಂದೆ. ತಾವು ಹೆಡೆ ಇಳಿಸಲಿಲ್ಲ.

ಹೋದ ಸೋಮವಾರ ಅವರು ಬಂದೇ ಬಂದರು. ಹುಡುಗ ಬಸ್ಸಪ್ಪ ಬೀದಿಬಾಗಿಲಿನಿಂದ ನೆಟ್ಟಗೆ ನಡೆದು, ರಂಗೋಲಿ ತುಳಿದು, ಹಾಲಿನಲ್ಲಿ ಜಾರಿ, ತಮ್ಮೆದುರಿಗೇ ದೊಪ್ಪನೆ ಕುಳಿತ. ಅವನ ತಂದೆ ಮಾಳಿಂಗಪ್ಪ ಹಲ್ಲು ಕಡಿದರು, ಬಾಗಿಲ ಮರೆಯಲ್ಲಿ ಯಮನಮ್ಮ ಕಿಸಕ್ಕನೆ ನಕ್ಕಳು, ಮುಗಿಯಿತು ಈ ಸಂಬಂಧವೂ ಹೋಯಿತು ಎಂದು ನನ್ನ ಜೀವ ಬಾಯಿಗೆ ಬಂತು. ಹುಡುಗನೋ, ಕುಳಿತಲ್ಲೇ ತಮ್ಮನ್ನು ದಿಟ್ಟಿಸಿ, “ಏನ್ ಚಂದ ವೀಳ್ಯದೆಲಿ ಹಾಕಿಸೀರಿ ಅಜ್ಜಿ, ಬಂದವರಿಗೆ ನೆಲದಾಗನ ಎಲಿ ಇಟ್ಟೀರಲ್ಲ!” ಎಂದ. ಅಯ್ಯೋ, ಬೀದಿಯ ಕಡೆಯಿಂದ ನೋಡಿದರೆ ತಾವು ಬಳ್ಳಿಯಲ್ಲಿ ತೂಗುವ ಎಲೆಯೇ ಅಲ್ಲವೇ! ಅವ್ವ ಆ ಕಡೆ ಬಂದು ನಿಂತು, ಸೆರಗಿನಿಂದ ಕಣ್ಣೊರೆಸಿ ನೋಡಿದಳು. ಇನ್ನು ನಾನು ಬದುಕಿದೆ ಎಂದುಕೊಳ್ಳುವಷ್ಟರಲ್ಲಿ, “ನಾಗಪ್ಪನ ತಾನಾಗಿ ವೀಳ್ಯ ಕೊಟ್ಟಾನ, ಬ್ಯಾಡ ಅನ್ನಾಕ ನಾವ್ಯಾರಲೇ?” ಎಂದಳು. ಯಮನಮ್ಮನೂ ತಲೆಯಾಡಿಸಿದಳು. ಮದುವೆ ಗೊತ್ತಾಯಿತು.

ಆದ್ದರಿಂದ ನಾನು ತಮಗೆ ಋಣಿ, ಮತ್ತು ಸಂಪೂರ್ಣ ಸೋತವನು. ಮದುವೆ ಕೂಡಿಸುವ ನಾಗಪ್ಪನೆಂದು ಸಂತೆಕಲ್ಲೂರಿನವರೆಗೆ ತಮ್ಮ ಕೀರ್ತಿ ಹಬ್ಬಿ, ಹೆಣ್ಣು ಹೆತ್ತವರೆಲ್ಲ ಎಲೆಯಡಿಕೆ ಹಿಡಿದು ನಮ್ಮ ಕಟ್ಟೆಯ ಮೇಲೆ ಕುಳಿತಿರುವಾಗ ತಮ್ಮನ್ನು ಕೀಳಿಸುವ ಮಾತು ಯಾರ ಮುಂದೆ ಆಡಲಿ? ನನ್ನದು ಒಂದೇ ಕೋರಿಕೆ. ಗಂಡನ ಮನೆಗೆ ಹೊರಡುವ ದಿನ ನನ್ನ ಮಗಳು ಗೋಡೆ ಹಿಡಿದು ಕಳ್ಳಿಯಂತೆ ಹೋಗಬಾರದು. ಅವಳಿಗೆಂದೇ ಹಾಕಿಸಿದ ನೆಲ ಅದು, ಅವಳು ನಟ್ಟನಡುವೆ ತಲೆಯೆತ್ತಿ ನಡೆದುಹೋಗಬೇಕು. ಅಷ್ಟು ಹೊತ್ತು ತಾವು ಕಣ್ಣು ಮುಚ್ಚಿಕೊಂಡಿರಬೇಕು. ನಾನು ಮುಚ್ಚಿಕೊಳ್ಳಲಾರೆ, ನನಗೆ ಅದನ್ನು ನೋಡಬೇಕಾಗಿದೆ.

ತಮ್ಮ ವಿಶ್ವಾಸಿ,
ಗೋಡೆಯಂಚಿನ ನಿವಾಸಿ ವೆಂಕೋಬ

ತಾ.ಕ.: ಬೀಗರಾದ ಮಾಳಿಂಗಪ್ಪನವರು ಮಸ್ಕಿಯ ತಮ್ಮ ಮನೆಗೂ ಇಂಥದೇ ಎಲೆ ಬೇಕೆಂದು ಹಟ ಹಿಡಿದಿದ್ದಾರೆ. ಯಮನಮ್ಮನಿಗೆ ಗೋಡೆ ಹಿಡಿದು ನಡೆಯುವ ರೂಢಿ ಇದ್ದೇ ಇದೆ, ಬೀಗರು ಈಗಿನಿಂದಲೇ ಕಲಿತುಕೊಳ್ಳಲಿ. ತಾಯಪ್ಪನನ್ನೇ ಮಸ್ಕಿಗೆ ಹೋಗೆಂದು ಹೇಳಿಕಳಿಸಿದ್ದೇನೆ. ತೊಟ್ಟು ಬೀದಿಯ ಕಡೆಗೇ ಇರಲೆಂದು ಈ ಸಲವೂ ಮರೆಯದೆ ತಿಳಿಸಿದ್ದೇನೆ.