ಐದೂಕಾಲು ನೋವಿನ ದರ್ಜಿ

ಶಸ್ತ್ರಚಿಕಿತ್ಸೆಯ ನಂತರದ ನೋವು ರೋಗಿಯ ಸ್ವಂತ ಆಸ್ತಿಯಲ್ಲ. ಅದನ್ನು ಅಳೆದು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಟ್ಟು, ಐದು ದಾಟಿದವರಿಗೆ ಇಂಜೆಕ್ಷನ್ ಮಂಜೂರು ಮಾಡುವ ಹೊಣೆ ಆಸ್ಪತ್ರೆಯದು. ಪುರುಷರ ವಾರ್ಡಿನಲ್ಲಿ ಈ ವ್ಯವಸ್ಥೆಗಿದ್ದ ಅಡ್ಡಿ ಒಂದೇ: ರೋಗಿಗಳು. ನೋವೆಷ್ಟು ಎಂದು ಕೇಳಿದರೆ ಒಬ್ಬ "ಅಯ್ಯಯ್ಯೋ" ಎನ್ನುವನು, ಇನ್ನೊಬ್ಬ "ನೀವೇ ನೋಡಿ ಏನಾದ್ರೂ ಹಾಕ್ಕೊಳ್ಳಿ" ಎನ್ನುವನು, ಮತ್ತೊಬ್ಬ ಹನ್ನೆರಡರಿಂದ ಶುರುಮಾಡಿ ಚೌಕಾಸಿಗೆ ನಿಲ್ಲುವನು.

ಹೀಗಿರುವಾಗ ಹರ್ನಿಯಾ ಆಪರೇಷನ್ ಮಾಡಿಸಿಕೊಂಡ ದರ್ಜಿಗೆ ಎಚ್ಚರವಾಯಿತು. ದೊಡ್ಡ ಸಿಸ್ಟರ್ ವಾಡಿಕೆಯಂತೆ ಪ್ರಶ್ನೆ ಕೇಳಿದರು. ಊರಿನ ಅರ್ಧ ಜನರ ಎದೆ, ಸೊಂಟ, ತೋಳು ಅಳೆದಿದ್ದ ಅವನಿಗೆ ಅಂದಾಜಿನ ಮಾತು ಆಗಿಬರದು. ಕಣ್ಣು ಮುಚ್ಚಿ, ಒಳಗೊಳಗೇ ಟೇಪು ಹಿಡಿದು ನೋಡಿ ಹೇಳಿದ.

"ಐದೂಕಾಲು."

"ಕಾಲು?"

"ಹೌದು ಸಿಸ್ಟರ್. ಕೆಮ್ಮಿದ್ರೆ ಐದೂವರೆ. ಡಾಕ್ಟರ ಕೈ ಒಳ್ಳೇದೇ, ಎರಡನೇ ಹೊಲಿಗೆ ಮಾತ್ರ ಚೂರು ಬಿಗಿ ಆಗಿದೆ."

ಐದು ದಾಟಿದ್ದರಿಂದ ಇಂಜೆಕ್ಷನ್ ಬಂತು. ದರ್ಜಿ ಸಂತೋಷದಿಂದ ತೋಳು ಮಡಿಸಿದ. ಅಷ್ಟರಲ್ಲಿ ಸುದ್ದಿ ಕೇಳಿದ ಆಸ್ಪತ್ರೆಯ ಅಧೀಕ್ಷಕರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಚುಚ್ಚಬೇಡಿ! ಚುಚ್ಚಿದ್ರೆ ಈ ಐದೂಕಾಲು ಏನಾಗತ್ತೆ?"

"ಹೋಗ್ಬಿಡತ್ತೆ ಸರ್."

"ಅದೇ ಹೇಳ್ತಿರೋದು. ಇಷ್ಟು ಕರಾರುವಾಕ್ಕಾದ ನೋವು ಮತ್ತೆ ಎಲ್ಲಿ ಸಿಗತ್ತೆ?"

ಸಂಜೆಯೊಳಗೆ ಗೋಡೆಯ ಮೇಲೆ ಪ್ರಕಟಣೆ ಬಂತು: "ದರ್ಜಿಯವರ ನೋವನ್ನು ಪ್ರಮಾಣಿತ ನೋವೆಂದು ಈ ಮೂಲಕ ಘೋಷಿಸಲಾಗಿದೆ. ಅವರಿಗಿಂತ ಹೆಚ್ಚು ನೋವಿದ್ದವರಿಗೆ ಇಂಜೆಕ್ಷನ್. ಕಡಿಮೆ ಇದ್ದವರಿಗೆ ಸಮಾಧಾನದ ಮಾತು. ಸದರಿಯವರನ್ನು ನಗಿಸುವುದು, ಕೆಮ್ಮಿಸುವುದು ಹಾಗೂ ಗುಣಪಡಿಸುವುದನ್ನು ನಿಷೇಧಿಸಲಾಗಿದೆ."

"ಹಾಗಾದ್ರೆ ನನಗೆ ಇಂಜೆಕ್ಷನ್?" ಎಂದ ದರ್ಜಿ.

"ನಿಮಗೆ ನಿಮಗಿಂತ ಹೆಚ್ಚು ನೋವಿದೆಯಾ?" ಎಂದರು ಸಿಸ್ಟರ್.

ದರ್ಜಿ ಪ್ರಾಮಾಣಿಕ. ಇಲ್ಲವೆಂದು ಒಪ್ಪಿಕೊಂಡ.

ಅಂದಿನಿಂದ ಆಪರೇಷನ್ ಆದವರನ್ನೆಲ್ಲ ಗಾಡಿಯಲ್ಲಿ ತಳ್ಳಿಕೊಂಡು ಬಂದು ಅವನ ಪಕ್ಕ ನಿಲ್ಲಿಸಿದರು. ಅವನು ಹಲ್ಲು ಕಚ್ಚಿಕೊಂಡೇ ಅವರನ್ನು ದಿಟ್ಟಿಸಿ, "ಇವರದು ಆರೂಮುಕ್ಕಾಲು ಸಿಸ್ಟರ್, ಬೇಗ ಕೊಡಿ" ಎನ್ನುತ್ತಿದ್ದ. ನೋಡಲು ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಮನೇಲಿ ಸೂಜಿ ಚುಚ್ಚಿದ್ರೆ ಬೀದಿ ಒಂದು ಮಾಡೋರು, ಇಲ್ಲಿ ಮಾದರಿ ಪುರುಷರಾಗಿದಾರೆ! ಸರ್, ನಮ್ಮೋರನ್ನ ಮನೆಗೆ ಯಾವಾಗ ಕಳಿಸ್ತೀರಿ?"

"ತಕ್ಕಡಿ ಕಲ್ಲನ್ನ ಯಾರಾದ್ರೂ ಮನೆಗೆ ಕಳಿಸ್ತಾರೇನಮ್ಮಾ?" ಎಂದರು ಅಧೀಕ್ಷಕರು.

ಆದರೆ ದೇಹಕ್ಕೆ ಪ್ರಕಟಣೆ ಓದಲು ಬರುವುದಿಲ್ಲ. ದರ್ಜಿಯ ಗಾಯ ಯಾರನ್ನೂ ಕೇಳದೆ ಮಾಯತೊಡಗಿತು. ಅವನು ಹಾಯಾಗಿ ಕಾಲು ಚಾಚಿ ಮಲಗಿದಷ್ಟೂ ಸುತ್ತಲಿನವರ ನೋವು ಏರಿತು. ಪಕ್ಕದ ಹಾಸಿಗೆಯ ಅಣ್ಣನನ್ನು ನೋಡಲು ಬಂದು ಸೊಳ್ಳೆ ಕಚ್ಚಿಸಿಕೊಂಡ ತಮ್ಮನಿಗೂ ಹೋಲಿಕೆಯಲ್ಲಿ ಇಂಜೆಕ್ಷನ್ ಸಿಕ್ಕಿತು. ಔಷಧದ ಕಪಾಟು ಬರಿದಾಯಿತು.

"ಯಾರ ಅನುಮತಿ ತೊಗೊಂಡು ಗುಣವಾದ್ರಿ?" ಎಂದು ಅಧೀಕ್ಷಕರು ಕೇಳಿದರು.

"ತಾನಾಗೇ ಆಯ್ತು ಸರ್. ಈಗ ಒಂದೂವರೆ. ಮನೆಗೆ ಹೋದ್ರೆ ಒಂದು."

ಸಮಿತಿ ಸೇರಿತು. ಮಾನದಂಡದ ದುರಸ್ತಿಗಾಗಿ ಮರು ಆಪರೇಷನ್ ಆಗಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿತು. ದರ್ಜಿ ಹೊಟ್ಟೆ ಮುಚ್ಚಿಕೊಂಡ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಹೊಟ್ಟೆ ಏನು ಪ್ಯಾಂಟೇನ್ರೀ, ಬಿಚ್ಚಿ ಬಿಚ್ಚಿ ಹೊಲಿಯೋಕೆ? ನಿಮಗೆ ನೋವು ತಾನೇ ಬೇಕು? ಒಂದು ಅಳತೆ ಚಿಕ್ಕದಿರೋ ಬೂಟು ಹಾಕಿಸಿ. ಕೆಲಸ ಮಾತ್ರ ಖಾಯಂ ಮಾಡಿ."

ಸಮಿತಿಯ ಸದಸ್ಯರು ಪರಸ್ಪರ ಮುಖ ನೋಡಿಕೊಂಡರು. ಇಷ್ಟು ಸರಳ ಉಪಾಯ ತಮಗೆ ಹೊಳೆಯದಿದ್ದುದನ್ನು ನಡಾವಳಿಯಲ್ಲಿ ಸೇರಿಸಬಾರದೆಂದು ಮೊದಲು ನಿರ್ಣಯಿಸಿ, ಆಮೇಲೆ ಬೂಟು ತರಿಸಿದರು. ದರ್ಜಿ ವಾರ್ಡಿನ ಉದ್ದಕ್ಕೂ ಕುಂಟಿ ನೋಡಿದ.

"ನಾಲ್ಕೂಮುಕ್ಕಾಲು... ಲಾಡಿ ಇನ್ನೊಂಚೂರು ಎಳೀರಿ... ಹಾಂ! ಐದೂಕಾಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಗೂ ಕಣ್ಣು ತುಂಬಿ ಬಂತು. ಅದರಲ್ಲಿ ಬೂಟಿನ ಪಾಲೂ ಇತ್ತು. ಈಗ ಅವನು ದಿನವೂ ಮನೆಯಿಂದಲೇ ಕೆಲಸಕ್ಕೆ ಬರುತ್ತಾನೆ. ಪಕ್ಕದ ಊರಿನ ಆಸ್ಪತ್ರೆಯವರು ಒಂದು ನಕಲು ಬೇಕೆಂದು ಕೇಳಿದಾಗ, ದರ್ಜಿಯ ಭಾವಮೈದುನನಿಗೂ ಅಂಥದೇ ಬೂಟು ತೊಡಿಸಿ, ಮೂಲದೊಂದಿಗೆ ತಾಳೆ ನೋಡಿ ಕಳಿಸಲಾಯಿತು.

ಸಂಜೆ ಐದಾಯಿತೆಂದರೆ ದರ್ಜಿ ಬೂಟು ಬಿಚ್ಚುತ್ತಾನೆ. ಮರುದಿನದವರೆಗೆ ವಾರ್ಡಿನಲ್ಲಿ ನೋವು ಅಳೆಯುವಂತಿಲ್ಲ. ಮೊನ್ನೆ ಹಾಗೆ ಬಿಚ್ಚಿ, ಬೆರಳು ಆಡಿಸುತ್ತ ಬಾಗಿಲು ದಾಟುವಾಗ, ಅಂದೇ ಆಪರೇಷನ್ ಆದ ಲಾರಿ ಚಾಲಕನೊಬ್ಬ ಗಟ್ಟಿಯಾಗಿ ನರಳಿದ್ದು ಕೇಳಿಸಿತು. ಅಕ್ಕಪಕ್ಕದ ಹಾಸಿಗೆಯವರು ಗದರಿದರು.

"ಏನಪ್ಪಾ ನೀನು, ಹೊತ್ತುಗೊತ್ತು ಬೇಡ್ವಾ? ಅವರು ಬೂಟು ಬಿಚ್ಚಿ ಆಯ್ತಲ್ಲ."

"ಹೌದಾ? ತಪ್ಪಾಯ್ತಣ್ಣ, ಹೊಸಬ, ಗೊತ್ತಿರ್ಲಿಲ್ಲ," ಎಂದು ಚಾಲಕ ಹೊದಿಕೆ ಎಳೆದುಕೊಂಡು, ಬೆಳಿಗ್ಗೆಯವರೆಗೆ ನರಳುವುದನ್ನು ಮುಂದೂಡಿದ.