ಎಡಗೈ ಎತ್ತಿ ನಾನು ಮುಳುಗಿಸಿದ ಹಡಗು

ನಾನು ಸಮುದ್ರ ನೋಡಿದವನಲ್ಲ. ನಾನು ಕಂಡ ಅತಿ ದೊಡ್ಡ ನೀರೆಂದರೆ ಮದ್ದೂರಿನ ಕೆರೆ; ಅದರಲ್ಲೂ ಮಂಡಿಯವರೆಗೆ ಮಾತ್ರ ಇಳಿದಿದ್ದೇನೆ. ಆದರೂ ಯುದ್ಧದ ಕಾಲದಲ್ಲಿ ಊರಿನ ಡೇರೆ ಸಿನಿಮಾಕ್ಕೆ ನೌಕಾಯುದ್ಧದ ಇಂಗ್ಲಿಷ್ ಚಿತ್ರವೊಂದು ಬಂದು, "ಇದನ್ನ ಜನಕ್ಕೆ ಕನ್ನಡದಲ್ಲಿ ಯಾರು ವಿವರಿಸ್ತೀರಿ?" ಎಂದು ಅಮಲ್ದಾರರು ಕೇಳಿದಾಗ, ತಾಲ್ಲೂಕು ಕಚೇರಿಯಲ್ಲಿ ಮೊದಲು ಎದ್ದು ನಿಂತವನು ನಾನೇ.

ಕಾರಣವಿತ್ತು. ನಾನು ನಾಲ್ಕು ವರ್ಷದಿಂದ ಹಂಗಾಮಿ ಗುಮಾಸ್ತ. ಕಾಯಂ ಮಾಡುವ ಶಿಫಾರಸು ಅಮಲ್ದಾರರ ಕೈಯಲ್ಲಿತ್ತು. ಸೈನ್ಯಕ್ಕೆ ಜನ ಸೇರಿಸಲು ಬಂದಿದ್ದ ಬಿಳಿಯ ದೊರೆಯೊಬ್ಬ ಅಂದು ಚಿತ್ರಕ್ಕೆ ಬರುವವನಿದ್ದ.

"ದೊರೆ ಮುಂದೆ ನನ್ನ ಮಾನ ಉಳಿಸು, ನಿನ್ನ ಕಾಗದ ನೋಡೋಣ. ಮಾನ ಕಳೆದ್ಯೋ, ಆಗಲೂ ನೋಡ್ತೀನಿ," ಎಂದರು ಅಮಲ್ದಾರರು.

ನನ್ನ ಇಂಗ್ಲಿಷು ಅರ್ಜಿ ಬರೆಯುವ ಇಂಗ್ಲಿಷು. ಹಡಗಿನವರು ಅರ್ಜಿ ಬರೆಯುವುದಿಲ್ಲವೆಂಬುದು ನನಗೆ ಹೊಳೆಯಲಿಲ್ಲ. ಸಂಜೆ ಡೇರೆಗೆ ಹೋಗಿ ಯಂತ್ರ ಓಡಿಸುವ ಸಾಬರನ್ನು ಗುಟ್ಟಾಗಿ ವಿಚಾರಿಸಿದೆ.

"ಬಹಳ ಸುಲಭ ಸ್ವಾಮಿ. ಎಡಗಡೆಯಿಂದ ಬರೋ ಹಡಗೆಲ್ಲ ನಮ್ದು, ಬಲಗಡೆಯಿಂದ ಬರೋದೆಲ್ಲ ದುಶ್ಮನ್‌ದು. ಇಷ್ಟು ನೆನಪಿಟ್ಕೊಂಡ್ರೆ ಸಾಕು," ಎಂದರು ಸಾಬರು.

ಇಷ್ಟು ನೆನಪಿಡಲಾರದವನೇ ನಾನು!

ಅಂದು ಜನವೋ ಜನ. ಮೊದಲ ಸಾಲಿನ ಕುರ್ಚಿಗಳಲ್ಲಿ ದೊರೆ, ಅಮಲ್ದಾರರು; ಪರದೆಯ ಮುಂದೆಲ್ಲ ಗಂಡಸರೇ ತುಂಬಿಬಿಟ್ಟರು. ಪರದೆ ತೆಳುವಾದ ಒದ್ದೆ ಬಟ್ಟೆ, ಚಿತ್ರ ಹಿಂದಕ್ಕೂ ಕಾಣುತ್ತಿತ್ತು, ಎಡಬಲ ಮಾತ್ರ ಅದಲುಬದಲು. ಹಾಗಾಗಿ ಹೆಂಗಸರನ್ನು ಪರದೆಯ ಹಿಂದೆ ಕೂರಿಸಿದರು. ಅಮಲ್ದಾರರ ಹೆಂಡತಿಯೂ ಅಲ್ಲೇ, ಮದ್ದೂರಿನ ಪಕ್ಕದ ಕೊಪ್ಪದವಳಾದ ನನ್ನ ಹೆಂಡತಿ ಪುಟ್ಟಮ್ಮನೂ ಅಲ್ಲೇ.

ನಾನು ಪರದೆಯ ಪಕ್ಕದಲ್ಲಿ ಗಂಡಸರಿಗೆ ಮುಖ ಮಾಡಿ ನಿಂತು, ಎಡಗೈ ನೀಟಾಗಿ ಚಾಚಿ ಘೋಷಿಸಿದೆ: "ಮಹಾಜನಗಳೇ, ಎಡಗಡೆಯಿಂದ ಬರುವ ಹಡಗುಗಳು ನಮ್ಮವು!"

ಮಹಾಜನಗಳು ನನ್ನ ಕೈ ನೋಡಿದರು. ನನ್ನ ಎಡಗೈ ಅವರ ಬಲಕ್ಕೆ ಚಾಚಿತ್ತು. ಈ ಸೂಕ್ಷ್ಮ ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಫಿರಂಗಿಗಳು ಹಾರಿದವು. ಹೊಗೆಯೆಲ್ಲ ಒಂದೇ ಬಣ್ಣ. ನಾನು ಕೈ ಚಾಚಿದ ಕಡೆಯ, ಎಂದರೆ ಅವರ ಬಲಗಡೆಯ, ಹಡಗು ಗುಂಡು ಹಾರಿಸಿದಾಗಲೆಲ್ಲ ಗಂಡಸರು ಶಿಳ್ಳೆ ಹೊಡೆದರು. "ಒಡೀಲಾ, ಇನ್ನೊಂದು ಒಡೀಲಾ!" ಎಂದು ಬಂಡೂರಿನ ಕುರಿ ವ್ಯಾಪಾರಿಯೊಬ್ಬ ಹಡಗಿಗೇ ಬುದ್ಧಿ ಹೇಳುತ್ತಿದ್ದ. ಅಮಲ್ದಾರರೂ ಚಪ್ಪಾಳೆ ತಟ್ಟಿದರು. ಆದರೆ ಪರದೆಯ ಹಿಂದೆ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದದ್ದು ಇನ್ನೊಂದು ಕಡೆಯ ಹಡಗಿಗೆ. ದೊರೆಯ ಕಿವಿಗೇ ಬೀಳುವಂತೆ ಶತ್ರುವಿಗೆ ಜಯಕಾರ! ನನ್ನ ಕಾಯಂ ಕಾಗದ ಕಣ್ಣೆದುರೇ ಹರಿದಂತಾಯಿತು.

ತಿದ್ದಲು ಓಡಿದೆ. ಓಡಿದ್ದು ಪರದೆಗೆ ಅಡ್ಡಲಾಗಿ. ನನ್ನ ಪೇಟದ ನೆರಳು ಸಮುದ್ರದ ನಡುವೆ ಗುಡ್ಡದಷ್ಟು ಎದ್ದಿತು, ಎರಡೂ ಕಡೆಯವರು ಅದಕ್ಕೇ ಗುಂಡು ಹಾರಿಸಿದರು.

"ಯಾವನ್ಲಾ ಅವ್ನು ಸಮುದ್ರದಾಗೆ ನಿಂತಿರಾನು? ಕುಂತ್ಕಳ್ಳಾ ಲೇ!"

ಸಮುದ್ರದಲ್ಲಿ ಕೂರುವುದು ಹೇಗೆಂದು ತಿಳಿಯದೆ ಬಗ್ಗಿಕೊಂಡೇ ಹಿಂದಕ್ಕೆ ಹೋದೆ. "ತಾಯಂದಿರೇ, ತಪ್ಪು ಹಡಗಿಗೆ ಚಪ್ಪಾಳೆ ತಟ್ಟುತ್ತಿದ್ದೀರಿ, ನಿಲ್ಲಿಸಿ," ಎಂದು ಕೈಮುಗಿದೆ.

"ನಮಗೆ ಗೊತ್ತು, ನೀವು ಹೋಗಿ," ಎಂದರು ಅಮಲ್ದಾರರ ಹೆಂಡತಿ. ಪುಟ್ಟಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರಳಿ ಬರುವಷ್ಟರಲ್ಲಿ ದೊಡ್ಡ ಹಡಗೊಂದು ಮುಳುಗುತ್ತಿತ್ತು. ಗಂಡಸರು ಎದ್ದು ಕುಣಿದರು. ಅಮಲ್ದಾರರು ಕುರ್ಚಿ ಬಿಟ್ಟೆದ್ದು "ಭಲೇ!" ಎಂದರು. ಆಗ ನೀರಿಗೆ ಇಳಿಯುತ್ತಿದ್ದ ಬಾವುಟ ದೊಡ್ಡದಾಗಿ ಕಂಡಿತು. ನಮ್ಮ ದೊರೆಯದೇ ಬಾವುಟ!

ಡೇರೆ ತಣ್ಣಗಾಯಿತು. ದೊರೆಯ ಮುಖ ಕೆಂಪಗಾಯಿತು. ಆ ನಿಶ್ಶಬ್ದದಲ್ಲಿ ಪರದೆಯ ಹಿಂದಿನಿಂದ ಹೆಂಗಸರು ಮೂಗು ಸೇದಿಕೊಂಡು ಅಳುವುದು ಕೇಳಿಸಿತು.

ದೊರೆ ಎದ್ದು ಹಿಂದೆ ಹೋಗಿ ನೋಡಿದ. ಮೂವತ್ತು ನಲವತ್ತು ಹೆಂಗಸರು ಅವನ ಹಡಗಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಮನಸ್ಸು ಕರಗಿತು. ಇವರಿಗೆ ಇಷ್ಟು ಚೆನ್ನಾಗಿ ವಿವರಿಸಿದವರು ಯಾರೆಂದು ಕೇಳಿದ. ಸ್ವತಃ "ಭಲೇ" ಎಂದು ಸಿಕ್ಕಿಬಿದ್ದಿದ್ದ ಅಮಲ್ದಾರರು ತಡಮಾಡದೆ ನನ್ನನ್ನು ಮುಂದಕ್ಕೆ ನೂಕಿದರು. ದೊರೆ ನನ್ನ ಕೈ ಕುಲುಕಿದ.

ಮನೆಯ ದಾರಿಯಲ್ಲಿ ಎದೆಯುಬ್ಬಿಸಿ, "ನನ್ನ ವಿವರಣೆ ಹೆಂಗಸರಿಗೆ ಎಷ್ಟು ಚೆನ್ನಾಗಿ ತಲುಪಿತು ನೋಡು," ಎಂದೆ.

"ತಲ್ಪ್ದೆ ಇನ್ನೇನು? ನಾನೇ ಎಲ್ರುಗೂ ಯೋಳ್ದೆ ಕಣೇಳಿ," ಎಂದಳು ಪುಟ್ಟಮ್ಮ. "ನಮ್ಮನೆಯವ್ರು ಏನಂದ್ರೂ ಅದ್ನ ತಿರುಗ್ಸಿ ತಿಳ್ಕಳಿ, ಎಡ ಅಂದ್ರೆ ಬಲ ಅನ್ಕಳಿ ಅಂತ. ಏಳು ವರ್ಸದಿಂದ ನಾನು ಅಂಗೇ ಸಂಸಾರ ಮಾಡ್ಕ ಬಂದಿವ್ನಿ."

ಎರಡು ವಾರಕ್ಕೆ ಆದೇಶ ಬಂತು. ಓಡುತ್ತ ಮನೆಗೆ ಬಂದು, ಓದು ಬಾರದ ಪುಟ್ಟಮ್ಮನ ಕೈಗೆ ಕಾಗದ ಕೊಟ್ಟು, "ಕೆಲಸ ಕಾಯಂ ಆಯ್ತು ಕಣೇ," ಎಂದೆ.

ಅವಳ ಮುಖ ಸಪ್ಪಗಾಯಿತು. "ಅಂಗಾರೆ ಕೆಲ್ಸ ಓಯ್ತಾ?" ಎಂದಳು.